ಕಲ್ಲಿನ ಮೇಲಿನ ಪ್ರೀತಿಯೋ, ಕಲ್ಲು ತೋರಿಸುವ ಕೆಲಸದ ಮೇಲಿನ ಪ್ರೀತಿಯೋ?

ಓದುಗರ ಪ್ರಶ್ನೆ:

"ನನಗೆ 34 ವರ್ಷ. ಮನೆ ಬಾಗಲಕೋಟೆಯ ನವನಗರದಲ್ಲಿ. ಒಂದು ಸಹಕಾರಿ ಬ್ಯಾಂಕಿನಲ್ಲಿ ಒಂಬತ್ತು ವರ್ಷದಿಂದ ಕ್ಲರ್ಕ್ ಆಗಿದ್ದೇನೆ. ಕೈಗೆ 31 ಸಾವಿರ ಪಗಾರ ಬರುತ್ತದೆ. ಯಜಮಾನರದು ಔಷಧಿ ಅಂಗಡಿ, ಮಗಳು ಎರಡನೇ ತರಗತಿ, ಅತ್ತೆಯವರು ನಮ್ಮ ಜೊತೆಗೇ ಇದ್ದಾರೆ. ಮನೆ ಸಾಲದ ಕಂತು ತಿಂಗಳಿಗೆ 11,500. ನಾಲ್ಕು ವರ್ಷದಿಂದ ರವಿವಾರ ಬಂತೆಂದರೆ ಬೀಗರನ್ನೋ, ಓಣಿಯ ಹುಡುಗರನ್ನೋ, ಗೆಳತಿಯರನ್ನೋ ಕರೆದುಕೊಂಡು ಬಾದಾಮಿ, ಐಹೊಳೆ, ಪಟ್ಟದಕಲ್ಲು ತೋರಿಸಿ ಬರುತ್ತೇನೆ. ಅದಕ್ಕೆಂದೇ ಶಾಸನಗಳ ಪುಸ್ತಕ ಕೊಂಡು ಓದುತ್ತೇನೆ. ಆ ದಿನ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಸೋಮವಾರ ಕೌಂಟರಿನಲ್ಲಿ ಕುಳಿತರೆ ಗಡಿಯಾರದ ಮುಳ್ಳು ಸರಿಯುವುದಿಲ್ಲ. ಕೆಲಸ ಬಿಟ್ಟು ಪೂರ್ತಿ ಗೈಡ್ ಆಗಬೇಕೆಂದು ಆಸೆ. ಯಜಮಾನರು 'ನೋಡೋಣು' ಅನ್ನುತ್ತಾರೆ. ನಮ್ಮ ತಂದೆ 'ಕುಂತು ಉಣ್ಣೂ ನೌಕರಿ ಬಿಟ್ಟು ಬಿಸಲಾಗ ಅಡ್ಡ್ಯಾಡೂ ಹುಚ್ಚು ಯಾಕವ್ವ' ಅನ್ನುತ್ತಾರೆ. ಮನಸ್ಸಿಗೆ ಹಿಡಿಸಿದ ಕೆಲಸ ಹಿಡಿದರೆ ರೊಕ್ಕ ತಾನಾಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅದು ಖರೇನಾ? ನನ್ನದು ಆಸೆಯೋ, ಬರೀ ಬೇಸರವೋ?"

ಉತ್ತರ:

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಗೈಡ್ ಕೆಲಸದ ಬಗ್ಗೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಕೊನೆಯ ಸಾಲು, ಆಸೆಯೋ ಬೇಸರವೋ ಎಂಬುದು. ವೃತ್ತಿ ಮಾರ್ಗದರ್ಶನದ ಕೆಲಸದಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಇಪ್ಪತ್ತು ವರ್ಷ ಕಳೆದಿದ್ದೇನೆ. ಈ ಪ್ರಶ್ನೆ ನನ್ನ ಎದುರಿನ ಕುರ್ಚಿಗೆ ಬೇರೆ ಬೇರೆ ವೇಷದಲ್ಲಿ ಬಂದಿದೆ: ಕರದಂಟು ಮಾಡಬೇಕೆನ್ನುವ ಎಂಜಿನಿಯರ್, ನಾಟಕ ಕಂಪನಿ ಸೇರಬೇಕೆನ್ನುವ ಶಿಕ್ಷಕ, ಮುಧೋಳ ನಾಯಿ ಸಾಕಬೇಕೆನ್ನುವ ಪದವೀಧರ. ಯಾರದ್ದೂ ಹುಚ್ಚಲ್ಲ. ನಿಮ್ಮದೂ ಅಲ್ಲ. ನಿಮ್ಮ ತಂದೆಯವರ ಮಾತಿನಲ್ಲಿ ಬಿಸಿಲಿನ ವಿಚಾರ ಮಾತ್ರ ಪೂರ್ತಿ ನಿಜ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು "ರೊಕ್ಕ ತಾನಾಗಿ ಬರುತ್ತದೆ" ಎಂಬ ಮಾತು. ಅದು ಖರೆ ಅಲ್ಲ. ಪ್ರೀತಿ ಇದ್ದವರು ಆ ಕೆಲಸವನ್ನು ಹೆಚ್ಚು ದಿನ ತಾಳಿಕೊಂಡು ಮಾಡುತ್ತಾರೆ, ಹೆಚ್ಚು ಕಲಿಯುತ್ತಾರೆ. ಅದರಿಂದ ಗಳಿಕೆ ಬಂದರೂ ಬರಬಹುದು. ಆದರೆ ಪ್ರೀತಿಗೆ ಇನ್ನೊಂದು ಮುಖವೂ ಇದೆ. ಅಮೆರಿಕದ ಪ್ರಾಣಿಸಂಗ್ರಹಾಲಯಗಳಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರ ಬಗ್ಗೆ ಬಂಡರ್ಸನ್ ಮತ್ತು ಥಾಂಪ್ಸನ್ ಎಂಬ ಇಬ್ಬರು ಸಂಶೋಧಕರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಂಜರ ತೊಳೆಯುವ, ಸಗಣಿ ಬಾಚುವ ಕೆಲಸ, ಸಂಬಳವೂ ಕಡಿಮೆ. ಆದರೂ ಅವರಲ್ಲಿ ಬಹಳಷ್ಟು ಜನ ಓದಿದವರು, ಅದೇ ತಮ್ಮ ಜೀವನದ ಕೆಲಸ ಎಂದು ನಂಬಿದವರು. ಆ ನಂಬಿಕೆ ಗಟ್ಟಿ ಇದ್ದಷ್ಟೂ ಅವರು ಕಡಿಮೆ ದುಡ್ಡಿಗೆ, ಹೆಚ್ಚು ತ್ರಾಸಿಗೆ ಒಪ್ಪುತ್ತಿದ್ದರು. ಮಾಲೀಕರು ಅದನ್ನೇ ದುರುಪಯೋಗ ಮಾಡಿಕೊಳ್ಳುವುದಕ್ಕೂ ದಾರಿಯಾಗುತ್ತಿತ್ತು. ನಮ್ಮೂರಲ್ಲೂ ಇದನ್ನು ಕಂಡಿದ್ದೇನೆ. "ನಿಮಗ ಹೆಂಗೂ ಇದರ ಹುಚ್ಚು ಐತಲ್ರಿ, ರೊಕ್ಕ ಏನ ತಗೋತೀರಿ" ಎಂದು ಕೇಳುವವರು ಅಪರಿಚಿತರಲ್ಲ, ನೆಂಟರೇ.

ಎರಡನೆಯದು, ಇದಕ್ಕೆ ವಿರುದ್ಧವಾದ ಹೆದರಿಕೆ: ಹವ್ಯಾಸವನ್ನು ದುಡಿಮೆ ಮಾಡಿಕೊಂಡರೆ ಪ್ರೀತಿ ಸತ್ತು ಹೋಗುತ್ತದೆ ಎಂಬುದು. ಇದರಲ್ಲಿ ಅರ್ಧ ನಿಜವಿದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬವರು ಚಿತ್ರ ಬಿಡಿಸುವುದನ್ನು ತಾವಾಗಿ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವು ಮಕ್ಕಳಿಗೆ "ಬಿಡಿಸಿದರೆ ಬಹುಮಾನ" ಎಂದು ಮೊದಲೇ ಹೇಳಿ, ಬಹುಮಾನ ಕೊಟ್ಟರು. ಒಂದೆರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳೇ ಚಿತ್ರದ ಕಡೆ ಕಡಿಮೆ ಹೋಗುತ್ತಿದ್ದರು. ಏನೂ ಹೇಳದೆ ಆಮೇಲೆ ಬಹುಮಾನ ಕೊಟ್ಟ ಮಕ್ಕಳ ಪ್ರೀತಿ ಮಾತ್ರ ಕುಗ್ಗಿರಲಿಲ್ಲ. ರೊಕ್ಕಕ್ಕಾಗಿಯೇ ಇದನ್ನು ಮಾಡುತ್ತಿದ್ದೇನೆ ಎಂದು ಮನಸ್ಸು ಒಪ್ಪಿಕೊಂಡಾಗ ಕೆಲಸ ಭಾರವಾಗುತ್ತದೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ತಿಂಗಳ ಕೊನೆಗೆ ಕಂತಿನ ಚಿಂತೆ ಹತ್ತಿದ ಗೈಡ್ ಗುಂಪಿನ ಮುಖ ನೋಡುವುದಿಲ್ಲ, ಅವರ ಜೇಬು ನೋಡುತ್ತಾನೆ. ಹಾಗಾಗದಿರಬೇಕಾದರೆ ಕಂತಿಗೆ ಬೇರೆ ದಾರಿ ಇರಬೇಕು.

ಇಲ್ಲಿಂದ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪ್ರೀತಿ ಯಾವುದರ ಮೇಲಿದೆ? ಕಲ್ಲಿನ ಮೇಲೋ, ಕಲ್ಲು ತೋರಿಸುವ ಕೆಲಸದ ಮೇಲೋ? ಕೇಳಲು ಎರಡೂ ಒಂದೇ ಎನಿಸುತ್ತದೆ. ಇದನ್ನು ಬೇರೆ ಮಾಡಿ ನೋಡದೆ ಒಬ್ಬರಿಗೆ ನಾನು ಸಲಹೆ ಕೊಟ್ಟು ತಪ್ಪಿದ್ದೇನೆ. ಗೈಡ್ ಆಗಬೇಕೆಂದು ಬಂದ ಇತಿಹಾಸದ ಉಪನ್ಯಾಸಕರು, ಚಾಲುಕ್ಯರ ಒಂದೊಂದು ಶಾಸನವೂ ಬಾಯಿಪಾಠ. ಅವರ ಉತ್ಸಾಹ ನೋಡಿ "ಹೋಗಿ, ನಿಮ್ಮಂಥವರೇ ಬೇಕು" ಎಂದೆ. ಹದಿನಾಲ್ಕು ತಿಂಗಳಿಗೆ ತಿರುಗಿ ಬಂದರು. ರೊಕ್ಕ ಸಾಲದ್ದಕ್ಕಲ್ಲ. ಬಾದಾಮಿಯ ಮೂರನೇ ಗುಹೆಯ ಮುಂದೆ ನಿಂತು ಚಾಲುಕ್ಯ ದೊರೆ ಮಂಗಲೇಶನ ಬಗ್ಗೆ ಹೇಳುತ್ತಿದ್ದರೆ ಮಂದಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು, "ಸಿನಿಮಾ ಶೂಟಿಂಗ್ ಎಲ್ಲಿ ಆಗಿತ್ತು" ಎಂದು ಕೇಳುತ್ತಿದ್ದರು. ಅವರಿಗೆ ಅದು ಪ್ರತಿದಿನದ ಗಾಯವಾಯಿತು. ಅವರು ಪ್ರೀತಿಸಿದ್ದು ಶಾಸನವನ್ನು, ಶಾಸನ ಗೊತ್ತಿಲ್ಲದ ಜನರನ್ನಲ್ಲ. ಆ ಮಾತನ್ನು ಮೊದಲೇ ಕೇಳಬೇಕಾಗಿದ್ದವನು ನಾನು.

ಅದಕ್ಕೆ ವಿರುದ್ಧವಾಗಿ ವಿಜಯಪುರದಲ್ಲಿ ಒಬ್ಬ ಹುಡುಗನನ್ನು ಬಲ್ಲೆ. ಪುಸ್ತಕದ ಓದು ಅಷ್ಟಕ್ಕಷ್ಟೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಅವನ ಕೆಲಸ ನೋಡಬೇಕು. ಗುಂಪಿನ ಹಿಂದೆ ಸುಮ್ಮನೆ ಉಳಿದ ಅಜ್ಜಿಯನ್ನೇ ಹುಡುಕುತ್ತಾನೆ. ಆಕೆಯನ್ನು ಗೋಡೆಗೆ ಕಿವಿ ಹಚ್ಚಿ ಕೂರಿಸಿ, ತಾನು ಆ ಕಡೆಗೆ ಹೋಗಿ ಒಂದು ಹಾಳೆಯನ್ನು ನಿಧಾನಕ್ಕೆ ಹರಿಯುತ್ತಾನೆ. ನಡುವೆ ನೂರಿಪ್ಪತ್ತು ಅಡಿಗೂ ಮೇಲ್ಪಟ್ಟ ಬಯಲು. ಹರಿದ ಸದ್ದು ಕಿವಿಯ ಪಕ್ಕದಲ್ಲೇ ಕೇಳಿಸಿದಾಗ ಅಜ್ಜಿ ತಿರುಗಿ ನೋಡುತ್ತಾಳಲ್ಲ, ಆ ಮುಖ ನೋಡುವುದಕ್ಕೆ ಅವನು ದಿನಕ್ಕೆ ಐದು ಸಲ ಆ ಮೆಟ್ಟಿಲು ಹತ್ತುತ್ತಾನೆ. 1656ರಲ್ಲಿ ಕಟ್ಟಿ ಮುಗಿದ ಗುಮ್ಮಟದ ಮೇಲೆ ಅವನಿಗೆ ಅಂಥ ಮೋಹವಿಲ್ಲ. ಬೆರಗಾಗುವ ಮಂದಿಯ ಮೇಲೆ ಮೋಹ. ಅದಕ್ಕೇ ಅವನು ಇನ್ನೂ ಅಲ್ಲಿದ್ದಾನೆ.

ನೀವು ಯಾರ ಹಾಗೆ ಎಂಬುದು ನಿಮ್ಮ ಪತ್ರದಿಂದ ಪೂರ್ತಿ ತಿಳಿಯುವುದಿಲ್ಲ. ರವಿವಾರದ ನಿಮ್ಮ ಕೇಳುಗರೆಲ್ಲ ನಿಮ್ಮವರೇ. ಅವರಿಗೆ ನಿಮ್ಮ ಮೇಲೆ ಪ್ರೀತಿ ಇದೆ, ಮಧ್ಯಾಹ್ನಕ್ಕೆ ನಿಮ್ಮದೇ ಬುತ್ತಿಯ ರೊಟ್ಟಿಯೂ ಇದೆ. ಅಪರಿಚಿತರು ಬೇರೆ. ಒಂದನೇ ಗುಹೆಯ ಬಾಗಿಲಿನಲ್ಲಿ ದ್ವಾರಪಾಲನ ಕೆಳಗೆ ಆನೆ ಮತ್ತು ಎತ್ತು ಒಂದೇ ತಲೆ ಹಂಚಿಕೊಂಡಿರುವ ಶಿಲ್ಪ ನಿಮಗೆ ಗೊತ್ತೇ ಇರುತ್ತದೆ. ಒಂದು ಕಡೆ ಅಂಗೈ ಅಡ್ಡ ಹಿಡಿದರೆ ಆನೆ, ಇನ್ನೊಂದು ಕಡೆ ಹಿಡಿದರೆ ಎತ್ತು. ನೀವು ಅದನ್ನು ಇಲ್ಲಿಯವರೆಗೆ ಎಷ್ಟು ಸಲ ತೋರಿಸಿರಬಹುದು? ನಲವತ್ತು, ಐವತ್ತು? ಪೂರ್ತಿ ಗೈಡ್ ಆದರೆ ಒಂದೇ ಸೀಜನ್ನಿನಲ್ಲಿ ಅದಕ್ಕಿಂತ ಹೆಚ್ಚು ಸಲ ತೋರಿಸಬೇಕು. ಇನ್ನೂರನೇ ಸಲ ಅಂಗೈ ಹಿಡಿದಾಗ, ಎದುರಿನ ಹುಡುಗ "ಹೌದಲ್ರೀ!" ಅಂದಾಗ, ನಿಮಗೆ ಮತ್ತೆ ಖುಷಿಯಾಗುತ್ತದೆಯೇ? ನನಗೆ ಬೇಕಾದ ಉತ್ತರ ಅಷ್ಟೇ.

ಇನ್ನು ಬೇಸರದ ವಿಚಾರ. ಒಂಬತ್ತು ವರ್ಷ ಒಂದೇ ಕೌಂಟರು ಎಂದರೆ ಯಾರಿಗಾದರೂ ಬೇಸರವೇ. ಬೇಸರ ಬಂದಾಗ ಕಣ್ಣಿಗೆ ಬಿದ್ದ ಯಾವ ಕೆಲಸವಾದರೂ ಸ್ವರ್ಗವಾಗಿ ಕಾಣುತ್ತದೆ. ನಿಮ್ಮ ವಿಷಯದಲ್ಲಿ ಹಾಗೆ ಎನಿಸುವುದಿಲ್ಲ, ಏಕೆಂದರೆ ನೀವು ಕನಸು ಕಂಡು ಸುಮ್ಮನೆ ಕುಳಿತಿಲ್ಲ. ನಾಲ್ಕು ವರ್ಷ, ಯಾರೂ ಕರೆಯದೆ, ಯಾರೂ ಕೊಡದೆ, ವಾರದ ಒಂದೇ ರಜೆಯನ್ನು ಅದಕ್ಕೆ ಕೊಟ್ಟಿದ್ದೀರಿ. ಬೇಸರ ಇಷ್ಟು ದಿನ ದುಡಿಯುವುದಿಲ್ಲ. ಆದರೂ ಬೇಸರವನ್ನು ಬೇರೆಯಾಗಿ ಪರೀಕ್ಷಿಸಿ. ಶಾಖೆ ಬದಲಾಯಿಸಲು, ಸಾಲ ವಿಭಾಗಕ್ಕೋ ಗ್ರಾಹಕರ ಭೇಟಿಯ ಕೆಲಸಕ್ಕೋ ಹೋಗಲು ಅವಕಾಶವಿದ್ದರೆ ಒಂದು ಸಲ ಕೇಳಿ ನೋಡಿ. ಕೌಂಟರ್ ಬದಲಾದ ಮೇಲೂ ಬಾದಾಮಿಯ ಸೆಳೆತ ಅಷ್ಟೇ ಇದ್ದರೆ ಅದು ಆಸೆ.

ಈಗ ಬಿಸಿಲು. ಪ್ರವಾಸಿಗರ ಕಾಲ ಅಕ್ಟೋಬರದಿಂದ ಫೆಬ್ರುವರಿ. ಡಿಸೆಂಬರ್ ಜನವರಿಯಲ್ಲಿ ಸಾಲಿ ಮಕ್ಕಳ ಬಸ್ಸುಗಳು, ಬನಶಂಕರಿ ಜಾತ್ರೆಯ ಗದ್ದಲ. ಏಪ್ರಿಲ್ ಮೇನಲ್ಲಿ ಬಾದಾಮಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಕೆಂಪು ಬಂಡೆ ಸಂಜೆ ಏಳರವರೆಗೂ ಕಾವು ಉಗುಳುತ್ತದೆ. ಆಗ ಬರುವ ಗುಂಪು ಕಡಿಮೆ. ನಿಮ್ಮ ರವಿವಾರಗಳಲ್ಲಿ ಹೆಚ್ಚಿನವು ಚಳಿಗಾಲದವೇ ಇರಬೇಕು ಎಂದು ನನ್ನ ಊಹೆ.

ಗಳಿಕೆಯ ಲೆಕ್ಕ ಹೀಗೆ ಹಾಕಿ. ಅಂಕಿ ನಾನು ಉದಾಹರಣೆಗೆ ಇಟ್ಟಿದ್ದು, ಬಾದಾಮಿಯಲ್ಲಿ ಕೆಲಸ ಮಾಡುವ ಇಬ್ಬರು ಮೂವರನ್ನು ಕೇಳಿ ನಿಮ್ಮ ಅಂಕಿ ಹಾಕಿಕೊಳ್ಳಿ. ಸೀಜನ್ನಿನಲ್ಲಿ ಗದ್ದಲದ ನಾಲ್ಕು ತಿಂಗಳು ತಿಂಗಳಿಗೆ 18 ದಿನ ಕೆಲಸ ಸಿಕ್ಕಿತು ಎನ್ನಿ, 72 ದಿನ. ಉಳಿದ ಎಂಟು ತಿಂಗಳು ತಿಂಗಳಿಗೆ 6 ದಿನ, 48. ಒಟ್ಟು 120 ದಿನ. ದಿನಕ್ಕೆ 1,500 ಹಿಡಿದರೆ ವರ್ಷಕ್ಕೆ 1,80,000. ನಿಮ್ಮ ಈಗಿನ ಪಗಾರ ವರ್ಷಕ್ಕೆ 3,72,000. ಕೊರತೆ 1,92,000. ಮನೆ ಸಾಲದ ಕಂತು ವರ್ಷಕ್ಕೆ 1,38,000. ಅಂದರೆ ಕೊರತೆ ಕಂತಿಗಿಂತ ದೊಡ್ಡದು. ಔಷಧಿ ಅಂಗಡಿಯ ಆದಾಯ ಅದನ್ನು ಹೊರುತ್ತದೆಯೇ ಎಂಬುದನ್ನು ಯಜಮಾನರು ಮಾತ್ರ ಹೇಳಬಲ್ಲರು. ಅವರ "ನೋಡೋಣು" ಎಂಬ ಮಾತಿನ ಹಿಂದೆ ಈ ಲೆಕ್ಕ ಇರಬಹುದು. ಅವರನ್ನು ಕೂರಿಸಿಕೊಂಡು ಹಾಳೆಯ ಮೇಲೆ ಬರೆಯಿರಿ.

ಕೋವಿಡ್ ಕಾಲ ನೆನಪಿಟ್ಟುಕೊಳ್ಳಿ. ಪುರಾತತ್ತ್ವ ಇಲಾಖೆಯ ಸ್ಮಾರಕಗಳು 2020ರ ಮಾರ್ಚ್ 17ರಂದು ಮುಚ್ಚಿ, ತೆರೆಯಲು ಅನುಮತಿ ಸಿಕ್ಕಿದ್ದು ಜುಲೈ 6ರಿಂದ. ಮರುವರ್ಷ ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ ಮತ್ತೆ ಮುಚ್ಚಿದವು. ಬಾಗಿಲು ತೆರೆದ ಮೇಲೂ ಜನ ತಿರುಗಿ ಬರಲು ಬಹಳ ದಿನ ಹಿಡಿಯಿತು. ಆಗ ನನ್ನ ಹತ್ತಿರ ಬಂದ ಗೈಡ್‌ಗಳಲ್ಲಿ ಕೈಯಲ್ಲಿ ಆರು ತಿಂಗಳ ಖರ್ಚು ಇದ್ದವರು ಉಳಿದರು. ಇಲ್ಲದವರು ದೊರೆತ ಕೆಲಸಕ್ಕೆ ಹೋದರು, ಕೆಲವರು ಹಿಂತಿರುಗಲೇ ಇಲ್ಲ.

ಪರವಾನಗಿಯ ವಿಷಯವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಸಂರಕ್ಷಿತ ಸ್ಮಾರಕದೊಳಗೆ ಹಣ ಪಡೆದು ಜನರನ್ನು ಸುತ್ತಾಡಿಸಲು ಅನುಮತಿ ಬೇಕು ಎಂದು 1959ರ ನಿಯಮಗಳಲ್ಲೇ ಇದೆ. ರಾಜ್ಯ ಪ್ರವಾಸೋದ್ಯಮ ಇಲಾಖೆ ಆಗಾಗ ಗೈಡ್ ತರಬೇತಿ ನಡೆಸಿ ಗುರುತಿನ ಚೀಟಿ ಕೊಡುತ್ತದೆ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಆನ್‌ಲೈನ್ ಕೋರ್ಸೂ ಇದೆ. ಬಾಗಲಕೋಟೆಯ ಜಿಲ್ಲಾ ಕಚೇರಿಗೆ ನೀವೇ ಹೋಗಿ ಮುಂದಿನ ತರಬೇತಿ ಯಾವಾಗ, ಅರ್ಹತೆ ಏನು ಎಂದು ಬರೆದುಕೊಂಡು ಬನ್ನಿ. ಈಗ ನೀವು ಬೀಗರಿಗೆ ಪುಕ್ಕಟೆ ತೋರಿಸುತ್ತಿರುವುದಕ್ಕೆ ಯಾರ ತಕರಾರೂ ಇಲ್ಲ. ಒಂದು ರೂಪಾಯಿ ತೆಗೆದುಕೊಂಡ ದಿನದಿಂದ ಲೆಕ್ಕ ಬದಲಾಗುತ್ತದೆ.

ಹಾಗಾದರೆ ದಾರಿ ಯಾವುದು? ನಾಳೆಯೇ ರಾಜೀನಾಮೆ ಕೊಡುವುದು ಒಂದು. ಅದನ್ನು ನಾನು ಒಪ್ಪುವುದಿಲ್ಲ. ಕಂತು ತೀರಿಲ್ಲ, ಪರವಾನಗಿ ಇಲ್ಲ, ಬೇಸಿಗೆಯ ಅನುಭವ ಇಲ್ಲ. ಸಹಕಾರಿ ಬ್ಯಾಂಕಿಗೆ ಮರಳಿ ಸೇರುವುದೂ ಸುಲಭವಲ್ಲ.

ನೌಕರಿಯಲ್ಲಿದ್ದುಕೊಂಡೇ ರವಿವಾರ ಹಣ ಪಡೆದು ಗೈಡ್ ಆಗುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಬಹಳ ಬ್ಯಾಂಕುಗಳ ಸೇವಾ ನಿಯಮದಲ್ಲಿ ಅನುಮತಿಯಿಲ್ಲದೆ ಬೇರೆ ಗಳಿಕೆಯ ಕೆಲಸ ಮಾಡಬಾರದು ಎಂದಿರುತ್ತದೆ. ನಿಮ್ಮ ಬ್ಯಾಂಕಿನ ನಿಯಮ ಓದಿ, ಆಡಳಿತ ಮಂಡಳಿಗೆ ಲಿಖಿತ ಅರ್ಜಿ ಕೊಡಿ. ಸಿಕ್ಕರೆ ಬಹಳ ಒಳ್ಳೆಯದು. ಬಾಯಿಮಾತಿನ "ಮಾಡ್ರಿ, ಯಾರ ಕೇಳತಾರ" ಎಂಬ ಒಪ್ಪಿಗೆಯನ್ನು ನಂಬಬೇಡಿ. ಮ್ಯಾನೇಜರ್ ಬದಲಾದ ದಿನ ಅದು ಆರೋಪಪಟ್ಟಿ ಆಗುತ್ತದೆ, ಒಂದೆರಡು ಕಡೆ ಆಗಿದ್ದನ್ನು ನೋಡಿದ್ದೇನೆ.

ನನಗೆ ಸರಿ ಕಾಣುವುದು ಎರಡು ವರ್ಷದ ನಿಧಾನದ ದಾರಿ. ಈ ವರ್ಷ ಪರವಾನಗಿಯ ಓದು ಮತ್ತು ಭಾಷೆ. ಸೊಲ್ಲಾಪುರ, ಕೊಲ್ಲಾಪುರ, ಸಾಂಗಲಿ ಕಡೆಯಿಂದ ಬರುವವರಿಗೆ ಮರಾಠಿಯಲ್ಲಿ ಹೇಳಬಲ್ಲವರು ಬೇಕು, ನಮ್ಮ ಸೀಮೆಯವರಿಗೆ ಮರಾಠಿ ಕಲಿಯುವುದು ಅಷ್ಟೇನೂ ದೂರವಲ್ಲ. ಇಂಗ್ಲಿಷ್ ಇದ್ದೇ ಇರಬೇಕು. ತಿಂಗಳಿಗಿಷ್ಟು ಎಂದು ಬೇರೆ ಖಾತೆಗೆ ಹಾಕಿ ಒಂದು ವರ್ಷದ ಮನೆಖರ್ಚು ಕೂಡಿಸುವುದು. ಮರುವರ್ಷ ಸಂಬಳವಿಲ್ಲದ ರಜೆ ಸಿಗುವುದಾದರೆ ಎರಡು ಭಾಗ ಮಾಡಿ ತೆಗೆದುಕೊಳ್ಳಿ: ಒಂದು ಡಿಸೆಂಬರಿನಲ್ಲಿ, ಒಂದು ಮೇ ತಿಂಗಳಲ್ಲಿ. ಡಿಸೆಂಬರ್ ನಿಮಗೆ ಹುರುಪು ಕೊಡುತ್ತದೆ, ಮೇ ನಿಮಗೆ ಖರೇ ಮಾತು ಹೇಳುತ್ತದೆ.

ಕೊನೆಗೆ ರಾಜೀನಾಮೆ ಕೊಡುವುದೇ ಆದರೆ ಗ್ರಾಚ್ಯುಟಿ ಮರೆಯಬೇಡಿ. ಕಾಯಿದೆಯಂತೆ ಐದು ವರ್ಷ ಸೇವೆ ಪೂರೈಸಿದವರಿಗೆ ಅದು ಹಕ್ಕು. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಅವೆರಡೂ ಸೇರಿ 24 ಸಾವಿರ ಇದ್ದು 9 ವರ್ಷವಾಗಿದ್ದರೆ ಸುಮಾರು 1,24,600 ರೂಪಾಯಿ. ಆ ಹಣವನ್ನೂ ಭವಿಷ್ಯ ನಿಧಿಯನ್ನೂ ಹೊಸ ಕೆಲಸದ ಬಂಡವಾಳ ಎಂದು ಎಣಿಸಬೇಡಿ. ಅದು ನಿಮ್ಮ ವೃದ್ಧಾಪ್ಯದ್ದು.

ಹೆಣ್ಣುಮಗಳಾಗಿ ಈ ಕೆಲಸಕ್ಕೆ ಬರುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕುಡಿದು ಬರುವ ಗಂಡಸರ ಗುಂಪು ಸಿಗುತ್ತದೆ. ಬೇಡ ಎನ್ನುವ ಸ್ವಾತಂತ್ರ್ಯ ಉಳಿಯಬೇಕಾದರೆ ಆ ದಿನದ ಗಳಿಕೆ ಹೋದರೂ ಮನೆ ನಡೆಯಬೇಕು. ಉಳಿತಾಯ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಡೆ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ತುಂಬ ಹೆಣ್ಣುಮಕ್ಕಳು ಬನಶಂಕರಿಗೆ, ಬಾದಾಮಿಗೆ ಬರುತ್ತಿದ್ದಾರೆ. ದೇವರಿಗೆ ಕಾಯಿ ಒಡೆಸಿ, ಗುಹೆಯ ಮೆಟ್ಟಿಲು ಹತ್ತಿ, ಹದಿನೆಂಟು ಕೈಯ ನಟರಾಜನಿಗೆ ಕೈ ಮುಗಿದು ಇಳಿದು ಹೋಗುತ್ತಾರೆ. ಅವರಿಗೆ ಅವರ ಮಾತಿನಲ್ಲಿ ಹೇಳುವವರು ಬಹಳ ಕಡಿಮೆ. ಒಬ್ಬೊಬ್ಬರಿಂದ ಸಾವಿರ ಕೇಳಲಾಗದು. ಹದಿನೈದು ಜನರ ಗುಂಪಿಗೆ ತಲಾ 50 ರೂಪಾಯಿಯಂತೆ ಒಂದೂವರೆ ತಾಸು ತೋರಿಸಬಹುದಲ್ಲ. ಐಹೊಳೆಯ ದುರ್ಗದ ಗುಡಿಗೆ ಆ ಹೆಸರು ಬಂದದ್ದು ದುರ್ಗಮ್ಮನಿಂದಲ್ಲ, ಕೋಟೆ ಎಂಬ ಅರ್ಥದ ದುರ್ಗದಿಂದ ಎಂದು ಹೇಳಿದರೆ ನಮ್ಮ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದು ನಗುತ್ತಾರೆ, ಆಮೇಲೆ ಹತ್ತು ಪ್ರಶ್ನೆ ಕೇಳುತ್ತಾರೆ. ಈ ಕೆಲಸವನ್ನು ನಿಮ್ಮಂಥವರು ಮಾಡಿದರೆ ನನಗೆ ನಿಜವಾಗಿ ಸಂತೋಷ.

ರೊಕ್ಕ ಕೇಳುವ ಸಂಕೋಚದ ಬಗ್ಗೆ ಒಂದು ಮಾತು. ಪ್ರೀತಿಯ ಕೆಲಸಕ್ಕೆ ಬೆಲೆ ಹೇಳುವಾಗ ನಮ್ಮವರ ಬಾಯಿ ಒಣಗುತ್ತದೆ. ಮೂರನೇ ಗುಹೆಯ ಕನ್ನಡ ಶಾಸನ ನೀವು ಓದಿಯೇ ಇರುತ್ತೀರಿ. ಆ ಗುಹೆಯನ್ನು ಅದು "ಕಲ್ಮನೆ" ಎಂದು ಕರೆಯುತ್ತದೆ. 578ರಲ್ಲಿ ವಿಷ್ಣುವಿನ ಪ್ರತಿಷ್ಠೆಯಾದ ಆ ಕಲ್ಮನೆಗೆ ಮಂಗಲೇಶ ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟ, ದೇವರಿಗೆ ಹೂ ಕಟ್ಟುವ ಮಾಲೆಗಾರರ ಹೆಸರೂ ಅದರಲ್ಲಿ ಸೇರಿದೆ. ದೇವರಿಗೆ ಹೂ ಕಟ್ಟುವ ಕೈಗೂ ಹೊಟ್ಟೆ ಇದೆ ಎಂಬುದನ್ನು ಕಲ್ಲಿನಲ್ಲೇ ಕೊರೆಸಿದ್ದಾರೆ. ನಿಮ್ಮ ದರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ನೆಂಟರಿಗೂ ಅದೇ ಚೀಟಿ ತೋರಿಸಿ.

ಈಗ ಮಾಡಬೇಕಾದದ್ದು ಸಣ್ಣದು. ಬರುವ ತಿಂಗಳು ರವಿವಾರ ಬಿಟ್ಟು ವಾರದ ನಡುವೆ ಒಂದು ರಜೆ ಹಾಕಿ ಒಬ್ಬರೇ ಬಾದಾಮಿಗೆ ಹೋಗಿ. ಅಲ್ಲಿನ ಒಬ್ಬ ಹಳೆಯ ಗೈಡ್‌ಗೆ ಚಹಾ ಕುಡಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಅವರ ಹಿಂದೆ ಇರಿ. ಗಿರಾಕಿ ಬರದ ತಾಸುಗಳಲ್ಲಿ ಅವರು ಏನು ಮಾಡುತ್ತಾರೆ, ಮಂಗ ಚೀಲ ಕಿತ್ತುಕೊಂಡಾಗ ಯಾರನ್ನು ಸಮಾಧಾನ ಮಾಡುತ್ತಾರೆ, ದರ ಕಡಿಮೆ ಮಾಡಿ ಎಂದವರಿಗೆ ಹೇಗೆ ಉತ್ತರಿಸುತ್ತಾರೆ ಎಂದು ನೋಡಿ. ಗುಂಪು ಇಲ್ಲದ ಆ ತಾಸುಗಳಲ್ಲೂ ಅಲ್ಲಿಂದ ಏಳಲು ನಿಮಗೆ ಮನಸ್ಸು ಬರದಿದ್ದರೆ ನನಗೆ ಮತ್ತೆ ಬರೆಯಿರಿ, ಮುಂದಿನ ಲೆಕ್ಕ ಕೂಡಿಯೇ ಹಾಕೋಣ. ಶುಕ್ರವಾರ ಮಾತ್ರ ಹೋಗಬೇಡಿ, ಅಂದು ಮ್ಯೂಸಿಯಂ ಮುಚ್ಚಿರುತ್ತದೆ.